ಘಾಟಿ ರಸ್ತೆಯಲ್ಲಿ ಕಳಚಿಕೊಳ್ಳದ ಪ್ಲಾಸ್ಟಿಕ್ ಕೊಕ್ಕೆ: ನಕ್ಷೆ ನೋಡಿ ಹೇಳಿ

ಸಾಗರದ ತೋಟಗಾರ

ಪಿಕಪ್ ಮತ್ತು ಓಮ್ನಿಯಲ್ಲಿ ಸಾಮಾನು ಕಟ್ಟಲು ಬಾಗುವ ಪ್ಲಾಸ್ಟಿಕ್‌ನ ಕೊಕ್ಕೆಯೊಂದನ್ನು ಮಾಡಬೇಕೆಂದಿದ್ದೇನೆ. ನಕ್ಷೆ ಕಾಗದದ ಮೇಲಿದೆ. ಅಚ್ಚಿಗೆ ದುಡ್ಡು ಸುರಿಯುವ ಮೊದಲು ಕೆಲಸ ಬಲ್ಲವರು ಅದನ್ನು ಒರೆಗೆ ಹಚ್ಚಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ.

ತೊಂದರೆ ನಮ್ಮ ಕಡೆಯವರಿಗೆಲ್ಲ ಗೊತ್ತಿರುವಂಥದ್ದೇ. ಹಗ್ಗದ ತುದಿಗೆ ಬಗ್ಗಿಸಿದ ಕಬ್ಬಿಣದ ಕೊಕ್ಕೆ ಕಟ್ಟಿ ವಾಹನದ ಪಕ್ಕದ ಪೈಪಿಗೆ ಸಿಕ್ಕಿಸುತ್ತೇವೆ. ಹೊರಡುವಾಗ ಬಿಗಿಯಾಗಿಯೇ ಇರುತ್ತದೆ. ತೋಟದ ಮಣ್ಣಿನ ರಸ್ತೆಯ ಗುಂಡಿಗಳಲ್ಲಿ ಕುಲುಕಿ ಚೀಲಗಳು ಒಂದರ ಮೇಲೊಂದು ಕೂತುಕೊಂಡಂತೆ ಹಗ್ಗ ಸಡಿಲವಾಗುತ್ತದೆ. ಸಡಿಲವಾದ ಹಗ್ಗದ ಕೊಕ್ಕೆ ಮುಂದಿನ ಕುಲುಕಿಗೆ ಪೈಪಿನಿಂದ ಎದ್ದು ಹೊರಬರುತ್ತದೆ. ಕೊಕ್ಕೆ ಮುರಿದು ಸಾಮಾನು ಬಿದ್ದದ್ದನ್ನು ನಾನು ಕಂಡದ್ದು ಕಡಿಮೆ, ಕೊಕ್ಕೆ ಕಳಚಿ ಬಿದ್ದದ್ದೇ ಹೆಚ್ಚು. ಜೊತೆಗೆ ತುಕ್ಕು, ಬಣ್ಣ ಕೆರೆಯುವುದು, ರಬ್ಬರ್ ಹಗ್ಗವಾದರೆ ಕಬ್ಬಿಣದ ತುದಿ ಸಿಡಿದು ಮುಖಕ್ಕೆ ಬಡಿಯುವ ಭಯ.

ನನ್ನ ಯೋಚನೆ ಇಷ್ಟು: ಕೊಕ್ಕೆಯ ಬಾಯಿಯನ್ನು ಕಿರಿದು ಮಾಡಿ, ಒಂದು ಕಡೆ ಬಾಗುವ ನಾಲಗೆ ಇಡುವುದು. ಪೈಪಿನ ಮೇಲೆ ಒತ್ತಿದರೆ ನಾಲಗೆ ಬಾಗಿ ದಾರಿ ಬಿಡಬೇಕು, ಪೈಪು ಒಳಗೆ ಕೂತ ಮೇಲೆ ತಾನೇ ಮರಳಿ ನಿಲ್ಲಬೇಕು. ಹಗ್ಗ ಸಡಿಲವಾದರೂ ಕೊಕ್ಕೆ ಪೈಪನ್ನು ಬಿಡಬಾರದು. ಬಿಡಿಸಲು ಒಂದು ಬೆರಳು ಸಾಕಾಗಬೇಕು. ಇಡೀ ಕೊಕ್ಕೆ ಒಂದೇ ತುಂಡು ಪ್ಲಾಸ್ಟಿಕ್. ನಾಲಗೆಯ ಉದ್ದ 40 ಮಿ.ಮೀ., ದಪ್ಪ 4, ಅಗಲ 15. ಬಾಯಿ 26 ಮಿ.ಮೀ. ಅಡಿಕೆ ಚೀಲ, ಕ್ರೇಟು, ಹಾಲಿನ ಕ್ಯಾನು, ಸಸಿಯ ತಟ್ಟೆ ಇವುಗಳಿಗೆ ಆಗಬೇಕು.

ಹೊಸನಗರದ ನರ್ಸರಿಯವರು

ಇದು ನನಗೆ ಇವತ್ತೇ ಬೇಕು ಅಣ್ಣ. ಕಾಳುಮೆಣಸಿನ ಬಳ್ಳಿ, ಅಡಿಕೆ ಸಸಿ ತುಂಬಿಕೊಂಡು ಹೋಗುವಾಗ ಗಟ್ಟಿಯಾಗಿ ಎಳೆದು ಕಟ್ಟುವ ಹಾಗಿಲ್ಲ, ಎಳೆದರೆ ತಟ್ಟೆ ಮುರಿಯುತ್ತದೆ. ಸಡಿಲ ಕಟ್ಟಿದರೆ ನೀವು ಹೇಳಿದ ಹಾಗೆ ಕೊಕ್ಕೆ ಎದ್ದು ಬರುತ್ತದೆ. ಬಿಗಿ ಇಲ್ಲದೆಯೂ ಹಿಡಿದುಕೊಳ್ಳುವ ಕೊಕ್ಕೆ ನಮ್ಮಂಥವರ ಕೆಲಸಕ್ಕೇ ಹೇಳಿ ಮಾಡಿಸಿದ್ದು.

ಭದ್ರಾವತಿಯ ನಿವೃತ್ತ ಉಪನ್ಯಾಸಕ

ಕಳಚುವುದೇ ನಿಜವಾದ ದೋಷ ಎಂದು ಗುರುತಿಸಿದ್ದೀರಿ, ಅರ್ಧ ಕೆಲಸ ಅಲ್ಲಿಯೇ ಮುಗಿಯಿತು. ಉಳಿದರ್ಧಕ್ಕೆ ಲೆಕ್ಕ ಬೇಕು.

ಮೊದಲು ಪೈಪಿನ ಅಳತೆ. ಅಂಗಡಿಯಲ್ಲಿ 'ಒಂದು ಇಂಚು' ಎಂದು ಕೊಡುವ ಜಿ.ಐ. ಪೈಪಿನ ಹೊರವ್ಯಾಸ 25 ಮಿ.ಮೀ. ಅಲ್ಲ, 33.7. ಮುಕ್ಕಾಲು ಇಂಚಿನದು 26.9, ಅರ್ಧ ಇಂಚಿನದು 21.3. ಚೌಕದ ಟ್ಯೂಬಾದರೆ 25 ಎಂದರೆ 25. ಕ್ಯಾಲಿಪರ್ ಹಿಡಿದು ನಿಮ್ಮ ವಾಹನದ್ದನ್ನು ಅಳೆಯಿರಿ. 33.7 ಎಂದೇ ಇಟ್ಟುಕೊಂಡರೆ, 26ರ ಬಾಯಿಯೊಳಗೆ ಅದು ಹೋಗಬೇಕಾದರೆ ನಾಲಗೆ ಸುಮಾರು 8 ಮಿ.ಮೀ. ಬಾಗಬೇಕು.

ಒಂದು ಕಡೆ ಹಿಡಿದ ಪಟ್ಟಿ ಬಾಗಿದಾಗ ಬುಡದ ಹೊರಮೈ ಎಷ್ಟು ಹಿಗ್ಗುತ್ತದೆ ಎಂಬುದಕ್ಕೆ ಸರಳ ಸೂತ್ರವಿದೆ: ದಪ್ಪವನ್ನು ಬಾಗುವ ದೂರದಿಂದ ಗುಣಿಸಿ, ಮತ್ತೆ ಮೂರರಿಂದ ಗುಣಿಸಿ, ಉದ್ದದ ವರ್ಗದ ಎರಡರಷ್ಟರಿಂದ ಭಾಗಿಸಿ. ನಿಮ್ಮ ನಾಲಗೆಗೆ 3 × 4 × 8 ಅಂದರೆ 96, ಭಾಗಿಸಬೇಕಾದದ್ದು 3200ರಿಂದ. ಶೇ 3 ಬರುತ್ತದೆ. ಒಮ್ಮೆ ಸಿಕ್ಕಿಸಿ ಮರೆಯುವ ಭಾಗಕ್ಕೆ ಹಲವು ಪ್ಲಾಸ್ಟಿಕ್‌ಗಳು ಇದನ್ನು ತಾಳುತ್ತವೆ. ದಿನಾ ಹಾಕಿ ತೆಗೆಯುವ ಭಾಗಕ್ಕೆ ನಾನು ಶೇ 2ರ ಒಳಗೆ ಇರಲೇಬೇಕೆನ್ನುತ್ತೇನೆ. ಉದ್ದವನ್ನು 50 ಮಾಡಿ, ದಪ್ಪವನ್ನು 3ಕ್ಕೆ ಇಳಿಸಿ: ಶೇ 1.44. ಉದ್ದ ವರ್ಗದಲ್ಲಿ ಕೂತಿರುವುದರಿಂದ ಹತ್ತು ಮಿಲಿಮೀಟರು ಹೆಚ್ಚಿಸಿದ್ದಕ್ಕೆ ಇಷ್ಟು ಫಲ.

ಒತ್ತುವ ಬಲವನ್ನೂ ನೋಡಿ. ಬಾಗುವ ದೂರ ಅಷ್ಟೇ ಇದ್ದರೆ ಬಲವು ದಪ್ಪದ ಘನದಂತೆ ಏರುತ್ತದೆ. ಸ್ಪ್ರಿಂಗಿನಂತೆ ಬಾಗುವ ಅಸಿಟಾಲ್ ಎಂಬ ಪ್ಲಾಸ್ಟಿಕ್‌ನಲ್ಲಿ ನಿಮ್ಮ 4 ಮಿ.ಮೀ. ನಾಲಗೆ ಬಗ್ಗಿಸಲು ಸುಮಾರು 8 ಕಿಲೋ ಭಾರದಷ್ಟು ಒತ್ತಡ ಬೇಕು. ಮಳೆಯಲ್ಲಿ ನೆನೆದ ಕೈಗೆ ಅದು ಸುಲಭವಲ್ಲ. 50 ಉದ್ದ, 3 ದಪ್ಪವಾದರೆ 2 ಕಿಲೋ ಒಳಗೆ. ಹೆಬ್ಬೆರಳಿನ ಕೆಲಸ.

ಇನ್ನೊಂದು. ನಾಲಗೆಯನ್ನು ಬುಡದಿಂದ ತುದಿಗೆ ತೆಳುವಾಗಿಸುತ್ತ ಹೋಗಿ, ತುದಿಯಲ್ಲಿ ಬುಡದ ಅರ್ಧ ದಪ್ಪ ಇರಲಿ. ಅದೇ ಬಾಗುವಿಕೆಗೆ ಬುಡದ ಹಿಗ್ಗು ಸುಮಾರು ಶೇ 40ರಷ್ಟು ಇಳಿಯುತ್ತದೆ. ಬುಡದ ಒಳಮೂಲೆ ಚೂಪಾಗಿದ್ದರೆ ಈ ಲೆಕ್ಕವೆಲ್ಲ ವ್ಯರ್ಥ, ಬಿರುಕು ಅಲ್ಲಿಂದಲೇ ಏಳುತ್ತದೆ. ದಪ್ಪದ ಅರ್ಧಕ್ಕಿಂತ ಹೆಚ್ಚು ತ್ರಿಜ್ಯದ ಗುಂಡು ಕೊಡಿ, 3 ಮಿ.ಮೀ. ದಪ್ಪಕ್ಕೆ 2 ಇರಲಿ.

ಸಾಗರದ ತೋಟಗಾರ

ಮೇಷ್ಟರೇ, ಇಷ್ಟು ತಾಳ್ಮೆಯಿಂದ ಬರೆದದ್ದಕ್ಕೆ ಕೃತಜ್ಞ. ಅಳೆದು ನೋಡಿದೆ, 33.7 ಹೌದು. ನಾಲಗೆಯನ್ನು 50ಕ್ಕೆ ಬೆಳೆಸುತ್ತೇನೆ. ಯಾವ ಪ್ಲಾಸ್ಟಿಕ್ ಎಂಬುದು ಮುಂದಿನ ಪ್ರಶ್ನೆ. ನೈಲಾನ್ ಎಂದುಕೊಂಡಿದ್ದೆ.

ಶಿವಮೊಗ್ಗದ ಅಚ್ಚಿನ ಕೆಲಸಗಾರ

ನೈಲಾನ್ ಒಳ್ಳೆಯದೇ, ಆದರೆ ನಮ್ಮ ಊರಿನ ಹವೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ನೈಲಾನ್ 6 ಗಾಳಿಯ ತೇವವನ್ನು ಹೀರುತ್ತದೆ. ನೀರಿನಲ್ಲೇ ನೆನೆದಿದ್ದರೆ ತನ್ನ ತೂಕದ ಶೇ 9ರ ಆಸುಪಾಸು ನೀರು ಕುಡಿಯುತ್ತದೆ. ಯಂತ್ರದಿಂದ ಹೊರಬಂದ ಒಣ ನೈಲಾನ್ ಬಿಗಿಯಾಗಿರುತ್ತದೆ, ಕೊಂಚ ಪೆಡಸು. ತೇವ ಕುಡಿದ ಮೇಲೆ ಸುಲಭಕ್ಕೆ ಮುರಿಯದು, ಆದರೆ ಬಿಗಿತ ಅರ್ಧಕ್ಕಿಂತ ಕೆಳಗಿಳಿಯುತ್ತದೆ, ಅಳತೆಯೂ ಹಿಗ್ಗುತ್ತದೆ. ಆಷಾಢದಲ್ಲಿ ಮೆತ್ತಗೆ, ಮಾಘದಲ್ಲಿ ಗಡುಸು. ಒಂದೇ ಕೊಕ್ಕೆ ವರ್ಷದಲ್ಲಿ ಎರಡು ಸ್ವಭಾವ ತೋರಿಸಿದರೆ ಕಟ್ಟುವವನ ಕೈಗೆ ಅಂದಾಜು ಸಿಗುವುದಿಲ್ಲ.

ನಾಲಗೆಗೆ ಅಸಿಟಾಲ್ ಸರಿ. ಸ್ಪ್ರಿಂಗಿನ ಗುಣ ಅದರಲ್ಲಿ ಚೆನ್ನಾಗಿದೆ, ಪದೇ ಪದೇ ಬಾಗಿದರೂ ದಣಿಯುವುದಿಲ್ಲ, ನೀರು ಹೀರುವುದು ತೀರಾ ಕಡಿಮೆ. ಅದಕ್ಕೆ ಎರಡು ಶತ್ರುಗಳು: ಬಿಸಿಲು ಮತ್ತು ಆಮ್ಲ. ಬಿಸಿಲಿಗೆ ಕಪ್ಪು ಬಣ್ಣದ, ನೇರಳಾತೀತ ಕಿರಣ ತಡೆಯುವ ದರ್ಜೆಯ ಪ್ಲಾಸ್ಟಿಕ್ ಹರಳನ್ನೇ ಕೇಳಿ ತನ್ನಿ. ಬ್ಯಾಟರಿಯ ಆಮ್ಲದ ಹತ್ತಿರ ಸುಳಿಯಬಾರದು.

ಗಾಜಿನ ನಾರು ಬೆರೆಸಿದ ನೈಲಾನ್ 'ಬಹಳ ಗಟ್ಟಿ' ಎಂದು ಯಾರಾದರೂ ಹೇಳಿದರೆ ನಾಲಗೆಗೆ ಬೇಡ. ಅದು ಹೊರಲು ಗಟ್ಟಿ, ಬಾಗಲು ಅಲ್ಲ. ಪಾಲಿಕಾರ್ಬೊನೇಟ್ ಹೊಡೆತ ತಡೆಯುತ್ತದೆ, ಆದರೆ ಪೆಟ್ರೋಲು ತಾಗಿದರೆ ಬಿರುಕು ಬಿಡುತ್ತದೆ. ವಾಹನದಲ್ಲಿ ಆ ಅಪಾಯ ಇದ್ದೇ ಇದೆ. ಪಾಲಿಪ್ರೊಪಿಲೀನ್ ಅಗ್ಗ, ಎಷ್ಟು ಬಾರಿ ಬೇಕಾದರೂ ಮಡಚಬಹುದು, ಭಾರ ಹೊತ್ತು ನಿಂತರೆ ಮಾತ್ರ ನಿಧಾನಕ್ಕೆ ಜಗ್ಗುತ್ತದೆ.

ಅಚ್ಚಿನ ವಿಚಾರ. ಕೊಕ್ಕೆ ದಪ್ಪ, ನಾಲಗೆ ತೆಳು. ಎರಡೂ ಒಂದೇ ತುಂಡಾದರೆ ತೆಳುವಾದದ್ದು ಬೇಗ ಆರುತ್ತದೆ, ದಪ್ಪವಾದದ್ದು ತಡವಾಗಿ. ದಪ್ಪ ಭಾಗದ ಮೈ ಕುಸಿದು ತಗ್ಗು ಬೀಳುತ್ತದೆ, ಒಳಗೆ ಗುಳ್ಳೆಯೂ ನಿಲ್ಲಬಹುದು. ಕರಗಿದ ಪ್ಲಾಸ್ಟಿಕ್ ಎರಡು ಕಡೆಯಿಂದ ಹರಿದು ಬಂದು ಕೂಡುವ ಗೆರೆ ಯಾವತ್ತೂ ದುರ್ಬಲ. ಆ ಗೆರೆ ನಾಲಗೆಯ ಬುಡದಲ್ಲಿ ಬೀಳದಂತೆ ಪ್ಲಾಸ್ಟಿಕ್ ಒಳಹೋಗುವ ಬಾಗಿಲನ್ನು ಇಡಬೇಕು. ಇದನ್ನು ಅಚ್ಚು ಕೊರೆಯುವ ಮೊದಲೇ ತೀರ್ಮಾನಿಸಬೇಕು, ಆಮೇಲೆ ತಿದ್ದುವುದೆಂದರೆ ಉಕ್ಕನ್ನು ಮತ್ತೆ ಕೊರೆಸುವುದು.

ತೀರ್ಥಹಳ್ಳಿಯ ಚಾಲಕ

ನಾನು ಓದಿದವನಲ್ಲ, ಘಾಟಿಯಲ್ಲಿ ಗಾಡಿ ಓಡಿಸುವವನು. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಾಗ 14 ತಿರುವು. ಪ್ರತಿ ತಿರುವಿನಲ್ಲೂ ಸಾಮಾನು ಮೊದಲು ಮುಂದಕ್ಕೆ ಒತ್ತುತ್ತದೆ, ಆಮೇಲೆ ಪಕ್ಕಕ್ಕೆ, ಮುಂದಿನ ತಿರುವಿನಲ್ಲಿ ಆ ಕಡೆಯ ಪಕ್ಕಕ್ಕೆ. ಹುಲಿಕಲ್ ಘಾಟಿಯಲ್ಲಿಯೂ ಅಷ್ಟೇ. ಈ ಕೊಕ್ಕೆ ಕಳಚುವುದಿಲ್ಲ ಎನ್ನುತ್ತೀರಿ, ಸಂತೋಷ. ಆದರೆ ಇಡೀ ಭಾರ ಪ್ಲಾಸ್ಟಿಕ್ ಮೇಲೆ ಬಿದ್ದಾಗ ಅದು ತಡೆಯುತ್ತದೆಯೇ? ಎಷ್ಟು ಕಿಲೋ? ಅದನ್ನು ಹೇಳದೆ ನನ್ನ ಗಾಡಿಗೆ ಹಾಕಲಾರೆ.

ಇನ್ನೊಂದು ಕೇಳಿಕೆ. ಮಂಜಿನಲ್ಲಿ, ಮಬ್ಬು ಬೆಳಕಿನಲ್ಲಿ ಕೊಕ್ಕೆ ಸರಿಯಾಗಿ ಕೂತಿದೆಯೋ ಇಲ್ಲವೋ ದೂರದಿಂದ ಕಾಣಬೇಕು. ಕಪ್ಪು ಕೊಕ್ಕೆ ಕಪ್ಪು ಪೈಪಿನ ಮೇಲೆ ಕಾಣುವುದಿಲ್ಲ.

ಭದ್ರಾವತಿಯ ನಿವೃತ್ತ ಉಪನ್ಯಾಸಕ

ಚಾಲಕರೇ, ಈ ಪುಟದಲ್ಲಿ ಬಂದ ಅತಿ ಮುಖ್ಯವಾದ ಪ್ರಶ್ನೆ ನಿಮ್ಮದು.

ಯುರೋಪಿನಲ್ಲಿ ಸಾಮಾನು ಕಟ್ಟುವುದಕ್ಕೆ ಒಂದು ಮಾನಕವಿದೆ, ಇ.ಎನ್. 12195. ಬ್ರೇಕ್ ಹಾಕಿದಾಗ ಸಾಮಾನು ತನ್ನ ತೂಕದ 0.8ರಷ್ಟು ಬಲದಿಂದ ಮುಂದಕ್ಕೆ, ತಿರುವಿನಲ್ಲಿ 0.5ರಷ್ಟು ಬಲದಿಂದ ಪಕ್ಕಕ್ಕೆ ಒತ್ತುತ್ತದೆ ಎಂದು ಅಲ್ಲಿ ಹಿಡಿಯುತ್ತಾರೆ. 70 ಕಿಲೋ ಚೀಲವಾದರೆ ಮುಂದಕ್ಕೆ 56 ಕಿಲೋ, ಪಕ್ಕಕ್ಕೆ 35 ಕಿಲೋ. ನೆಲದ ಘರ್ಷಣೆ ಒಂದಷ್ಟನ್ನು ತಡೆಯುತ್ತದೆ, ಆದರೆ ಒದ್ದೆ ತಗಡಿನ ಮೇಲೆ ಅದನ್ನು ನಂಬಿ ಕೂರಬೇಡಿ. ಮುಂದಕ್ಕೆ ಒತ್ತುವ 56 ಎರಡು ಪಕ್ಕದ ಕೊಕ್ಕೆಗಳಿಗೆ ಹಂಚಿಹೋಗುತ್ತದೆ, ಪಕ್ಕಕ್ಕೆ ಒತ್ತುವ 35 ಒಂದರ ಮೇಲೆಯೇ ಬೀಳಬಹುದು ಎಂದು ಹಿಡಿದು, ಒಂದು ಕೊಕ್ಕೆಗೆ 35 ಕಿಲೋ ಎಂದು ಲೆಕ್ಕ ಹಾಕುತ್ತೇನೆ.

ಕೊಕ್ಕೆಯ ಒಳವ್ಯಾಸ 36, ಬೆನ್ನಿನ ದಪ್ಪ 12, ಅಗಲ 15 ಎಂದುಕೊಳ್ಳಿ. ಆ ಭಾರಕ್ಕೆ ಬೆನ್ನಿನ ಒಳಮೈಯಲ್ಲಿ ಸುಮಾರು 30 ಮೆಗಾಪಾಸ್ಕಲ್ ಒತ್ತಡ ಬರುತ್ತದೆ (ಒಂದು ಮೆಗಾಪಾಸ್ಕಲ್ ಎಂದರೆ ಚದರ ಮಿ.ಮೀ.ಗೆ ಸುಮಾರು 100 ಗ್ರಾಂ ಭಾರ). ತೇವ ಕುಡಿದ ನೈಲಾನ್ 45-50ರ ಹತ್ತಿರ ಸೋಲುತ್ತದೆ, ಅದೂ ಕ್ಷಣಕಾಲದ ಭಾರಕ್ಕೆ. ಗಂಟೆಗಟ್ಟಲೆ ಎಳೆದು ಕಟ್ಟಿಟ್ಟರೆ ಯಾವ ಪ್ಲಾಸ್ಟಿಕ್ಕೂ ನಿಧಾನವಾಗಿ ಜಗ್ಗಿ ಬಾಯಿ ತೆರೆಯುತ್ತದೆ. ಬಿಸಿಲಿನಲ್ಲಿ ನಿಂತ ವಾಹನದಲ್ಲಂತೂ ಇನ್ನೂ ಬೇಗ. ಸ್ಪಷ್ಟವಾಗಿ ಹೇಳುತ್ತೇನೆ: ಪೂರ್ತಿ ಪ್ಲಾಸ್ಟಿಕ್ ಕೊಕ್ಕೆಗೆ 35 ಕಿಲೋ ಹೊರಿಸಬಾರದು.

ಅದೇ ಆಕಾರವನ್ನು 8 ಮಿ.ಮೀ. ಮೆದು ಉಕ್ಕಿನ ರಾಡಿನಲ್ಲಿ ಬಗ್ಗಿಸಿದರೆ ಒತ್ತಡ ಸುಮಾರು 180 ಮೆಗಾಪಾಸ್ಕಲ್. ಅಂಥ ಉಕ್ಕು ಶಾಶ್ವತವಾಗಿ ಬಗ್ಗಲು ಶುರುವಾಗುವುದು 250ರ ಸುತ್ತ. 6 ಮಿ.ಮೀ. ರಾಡು ಆಗುವುದಿಲ್ಲ, ಲೆಕ್ಕದಲ್ಲಿ ಮಿತಿ ಮೀರುತ್ತದೆ.

ಆದ್ದರಿಂದ ನನ್ನ ಸಲಹೆ ಒಂದೇ. ಬಾಗುವ ಭಾಗ ಬೇರೆ ಇರಲಿ, ಹೊರುವ ಭಾಗ ಬೇರೆ ಇರಲಿ. ಭಾರ ಉಕ್ಕಿಗೆ, ಬಾಯಿ ಕಾಯುವುದು ಪ್ಲಾಸ್ಟಿಕ್‌ಗೆ.

ಆಟೋ ಕಾಂಪ್ಲೆಕ್ಸ್ ವೆಲ್ಡರ್

ಮೇಷ್ಟರು ಹೇಳಿದ ಹಾಗೆ 8 ಎಂ.ಎಂ. ರಾಡು ಬಗ್ಗಿಸುವುದು ನಮ್ಮಲ್ಲಿ ದಿನದ ಕೆಲಸ. 36ರ ಒಳವ್ಯಾಸಕ್ಕೆ ರಾಡು ಸುತ್ತಿ ಬಗ್ಗಿಸಲು ಒಂದು ದುಂಡು ಅಚ್ಚು ಮಾಡಿಕೊಂಡರೆ ಎಲ್ಲ ಕೊಕ್ಕೆಯೂ ಒಂದೇ ಅಳತೆಗೆ ಬರುತ್ತದೆ. ಹಗ್ಗದ ಕಡೆ ಕಣ್ಣು ಮಾಡಿ, ಕಣ್ಣಿನ ಕೂಡುವಲ್ಲಿ ಬೆಸುಗೆ ಹಾಕಬೇಕು. ಬೆಸುಗೆ ಇಲ್ಲದಿದ್ದರೆ ಎಳೆತಕ್ಕೆ ಕಣ್ಣು ಬಿಚ್ಚಿಕೊಳ್ಳುತ್ತದೆ. ಆಮೇಲೆ ಜಿಂಕ್ ಲೇಪನ. ರಿಬ್ ಇರುವ ಕಟ್ಟಡದ ಕಬ್ಬಿಣ ತರಬೇಡಿ, ನುಣುಪು ರಾಡು ತನ್ನಿ. ರಿಬ್ ಇದ್ದರೆ ಪ್ಲಾಸ್ಟಿಕ್ ಭಾಗ ಸರಿಯಾಗಿ ಕೂರುವುದಿಲ್ಲ.

ಸಾಗರದ ತೋಟಗಾರ

ಇದನ್ನು ಓದಿದ ಮೇಲೆ ನಕ್ಷೆಯನ್ನು ಪೂರ್ತಿ ಬದಲಿಸಿದ್ದೇನೆ. ಈಗ ಕೊಕ್ಕೆ ಉಕ್ಕಿನದು. ಪ್ಲಾಸ್ಟಿಕ್ ಅಂದರೆ ರಾಡಿನ ಬೆನ್ನಿಗೆ ಕಚ್ಚಿಕೊಳ್ಳುವ ಒಂದು ತೋಳು, ಅದರಿಂದ ಹೊರಟ ನಾಲಗೆ, ತುದಿಯಲ್ಲಿ ಬೆರಳಿಗೆ ಸಿಗುವ ಕಿವಿ. ಅಷ್ಟೇ. ಪೈಪು ಒಳಬರುವ ಕಡೆ ನಾಲಗೆಯ ಮುಖ 30 ಡಿಗ್ರಿ ಇಳಿಜಾರು, ಹೊರಹೋಗುವ ಕಡೆ ನೆಟ್ಟಗೆ. ಎಳೆದರೆ ಬರಬಾರದು, ಕಿವಿ ಎತ್ತಿದರೆ ಮಾತ್ರ ಬರಬೇಕು. ನಾಲಗೆ ಹಾಳಾದರೆ ಅದೊಂದನ್ನೇ ಬದಲಿಸಬಹುದು, ಕೊಕ್ಕೆ ಎಸೆಯಬೇಕಿಲ್ಲ. ನನಗೆ ಇದೇ ಹೆಚ್ಚು ಇಷ್ಟವಾದದ್ದು.

ಚಾಲಕರ ಮಾತಿನಂತೆ ಕಿವಿಗೆ ಕೆಂಪೋ ಹಳದಿಯೋ ಬಣ್ಣ ಬೇಕು. ಕಪ್ಪು ಹರಳಿನ ನಾಲಗೆಗೆ ಬಣ್ಣ ಹೇಗೆ?

ಶಿವಮೊಗ್ಗದ ಅಚ್ಚಿನ ಕೆಲಸಗಾರ

ಅಸಿಟಾಲ್ ಮೇಲೆ ಪೇಂಟು ನಿಲ್ಲುವುದಿಲ್ಲ, ಉದುರುತ್ತದೆ. ಬಣ್ಣವನ್ನು ರಾಡಿಗೆ ಹಚ್ಚಿ. ನಾಲಗೆ ಸರಿಯಾಗಿ ಮರಳಿ ನಿಂತಾಗ ಮುಚ್ಚಿಹೋಗುವ ಜಾಗದಲ್ಲಿ ರಾಡಿಗೆ ಕೆಂಪು ಪಟ್ಟಿ ಇರಲಿ. ಕೆಂಪು ಕಂಡರೆ ಕೂತಿಲ್ಲ ಎಂದರ್ಥ.

ಪ್ಲಾಸ್ಟಿಕ್ ಭಾಗ ಇಷ್ಟು ಚಿಕ್ಕದಾದದ್ದು ಅಚ್ಚಿಗೂ ಅನುಕೂಲ. ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ದಪ್ಪ, ಮೈ ಕುಸಿಯುವ ಕಾಟವಿಲ್ಲ, ಚಿಕ್ಕ ಯಂತ್ರದಲ್ಲೇ ಹೊಡೆಯಬಹುದು. ಅಚ್ಚಿನಿಂದ ಸಲೀಸಾಗಿ ಬಿಟ್ಟುಬರಲು ಪಕ್ಕಗಳಿಗೆ ಒಂದು ಡಿಗ್ರಿ ಓರೆ ಕೊಡಿ.

ಶಿವಮೊಗ್ಗದ ಇಂಜಿನಿಯರಿಂಗ್ ವಿದ್ಯಾರ್ಥಿನಿ

ಸಾರ್, ಅಚ್ಚಿಗೆ ಮೊದಲು ನಾಲಗೆಯನ್ನು ತ್ರಿಡಿ ಮುದ್ರಣದಲ್ಲಿ ತೆಗೆದು ನೋಡಬಹುದು. ಎರಡು ವಿಷಯ ಗಮನಿಸಬೇಕು. ಪದರಗಳು ನಾಲಗೆಯ ಉದ್ದಕ್ಕೆ ಓಡುವಂತೆ ಅದನ್ನು ಪಕ್ಕಕ್ಕೆ ಮಲಗಿಸಿ ಮುದ್ರಿಸಬೇಕು. ನಿಲ್ಲಿಸಿ ಮುದ್ರಿಸಿದರೆ ಬಾಗಿದ ಕೂಡಲೇ ಪದರದ ನಡುವೆ ಬಿಟ್ಟುಕೊಳ್ಳುತ್ತದೆ. ಮತ್ತೆ, ಇಂಥ ಮುದ್ರಣಕ್ಕೆ ಸಾಮಾನ್ಯವಾಗಿ ಬಳಸುವ ಪಿ.ಎಲ್.ಎ. ಎಂಬ ಪ್ಲಾಸ್ಟಿಕ್ ಬೇಡ. ಅದು 60 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ, ಬೇಸಿಗೆಯಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಓಮ್ನಿಯೊಳಗೆ ಆ ಬಿಸಿ ಬರುತ್ತದೆ. ಪೆಟ್-ಜಿ ಎಂಬ ಇನ್ನೊಂದು ಪ್ಲಾಸ್ಟಿಕ್ 80ರವರೆಗೆ ತಾಳುತ್ತದೆ, ಅಳತೆ ಪರೀಕ್ಷಿಸಲು ಸಾಕು. ಅಸಿಟಾಲ್‌ನ ಸ್ಪ್ರಿಂಗ್ ಗುಣ ಅದರಲ್ಲಿ ಸಿಗುವುದಿಲ್ಲ, ಹಾಗಾಗಿ ಬಾಳಿಕೆಯನ್ನು ಅದರಿಂದ ತೀರ್ಮಾನಿಸಬೇಡಿ. ನಕ್ಷೆ ಕಳಿಸಿದರೆ ನಾನೇ ಮುದ್ರಿಸಿ ಕೊಡುತ್ತೇನೆ.

ಕೊಪ್ಪದ ಕೃಷಿಕ

ತಾಡಪಾಲು ಹಿಡಿಯಲು ಮಾತ್ರವಾದರೆ ಇಷ್ಟೆಲ್ಲ ಬೇಕಿಲ್ಲ. ತೋಟದಲ್ಲಿ ಉಳಿದ 40 ಮಿ.ಮೀ. ಕಪ್ಪು ಎಚ್‌ಡಿಪಿಇ ಪೈಪು ತೆಗೆದುಕೊಳ್ಳಿ. ಗೋಡೆ 3 ಮಿ.ಮೀ. ದಪ್ಪದ್ದಾದರೆ ಒಳಗೆ 34 ಉಳಿಯುತ್ತದೆ, ನಿಮ್ಮ 33.7ರ ಪೈಪಿಗೆ ಸರಿಯಾಗಿ ಕೂರುತ್ತದೆ. ಗೇಣುದ್ದ ಕತ್ತರಿಸಿ, ಸುತ್ತಳತೆಯ ಮೂರನೇ ಒಂದು ಭಾಗವನ್ನು ಉದ್ದಕ್ಕೆ ಸೀಳಿ ತೆಗೆಯಿರಿ, ಅಂಚುಗಳನ್ನು ಕತ್ತಿಯಿಂದ ಕೆರೆದು ನುಣುಪು ಮಾಡಿ. ತಾಡಪಾಲನ್ನು ಪೈಪಿನ ಮೇಲೆ ಹಾಸಿ ಇದನ್ನು ಒತ್ತಿದರೆ ಕಚ್ಚಿಕೊಳ್ಳುತ್ತದೆ. ನೆರಳುಬಲೆಗೆ ನಾವು ಮಾಡುವುದು ಇದನ್ನೇ. ಆ ಪೈಪಿನ ಕಪ್ಪು ಬಣ್ಣ ಮಸಿಯದು, ಬಿಸಿಲನ್ನು ವರ್ಷಗಟ್ಟಲೆ ತಡೆಯುತ್ತದೆ. ಭಾರ ಹೊರಿಸಬಾರದು ಅಷ್ಟೇ.

ಉಕ್ಕಿನ ಕೊಕ್ಕೆಯವರಿಗೆ ಒಂದು ಮಾತು. ಕೊಳೆರೋಗದ ಔಷಧಿಗೆಂದು ಮೈಲುತುತ್ತದ ನೀರು ಸಾಗಿಸುವ ಗಾಡಿಯಲ್ಲಿ ಕಬ್ಬಿಣ ಉಳಿಯುವುದಿಲ್ಲ. ಸುಣ್ಣ ಬೆರೆಸುವ ಮುಂಚಿನ ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ, ಜಿಂಕ್ ಲೇಪನವನ್ನೂ ಬಿಡುವುದಿಲ್ಲ. ಆ ಗಾಡಿಗೆ ಸ್ಟೇನ್‌ಲೆಸ್ ರಾಡೇ ಬೇಕು.

ಭದ್ರಾವತಿಯ ನಿವೃತ್ತ ಉಪನ್ಯಾಸಕ

ಕೊಪ್ಪದವರು ಡ್ರಮ್ಮಿನ ಮಾತು ನೆನಪಿಸಿದರು. 200 ಲೀಟರ್ ಡ್ರಮ್ ಎಂದರೆ 200 ಕಿಲೋಗೂ ಹೆಚ್ಚು, ಒಳಗೆ ತುಳುಕುವ ನೀರು. ಗ್ಯಾಸ್ ಸಿಲಿಂಡರ್ ಇನ್ನೊಂದು. ಇವೆರಡಕ್ಕೂ ಈ ಕೊಕ್ಕೆ ಅಲ್ಲ. ಅಗಲವಾದ ಪಾಲಿಯೆಸ್ಟರ್ ಪಟ್ಟಿ, ಅದನ್ನು ಎಳೆದು ಬಿಗಿಯುವ ಹಲ್ಲಿನ ಹಿಡಿ ಅಂದರೆ ರ‍್ಯಾಚೆಟ್ ಬೇಕು. ಕೊಕ್ಕೆಯ ಮೇಲೆಯೇ 35 ಕಿಲೋ ಎಂದು ಅಚ್ಚೊತ್ತಿಸಿ, ಅಳಿಸಿಹೋಗದಂತೆ.

ಇನ್ನೊಂದು ವಿಚಾರ ಯೋಚಿಸಿ. ಈ ನಕ್ಷೆಯನ್ನು ನೀವು ಎಲ್ಲರೆದುರು ಇಟ್ಟಿದ್ದೀರಿ. ನಮ್ಮ ದೇಶದ 1970ರ ಪೇಟೆಂಟ್ ಕಾಯ್ದೆಯಂತೆ, ಅರ್ಜಿ ಹಾಕುವ ಮೊದಲು ಬಹಿರಂಗವಾದ ವಿಷಯಕ್ಕೆ ಹೊಸತನದ ಹಕ್ಕು ಕಷ್ಟ. ಆಕಾರದ ನೋಂದಣಿಗೆ ಇರುವ 2000ದ ವಿನ್ಯಾಸ ಕಾಯ್ದೆಯೂ ಪ್ರಕಟವಾಗದ ಆಕಾರವನ್ನೇ ಕೇಳುತ್ತದೆ. ಮುಂದೆ ಮಾರಾಟದ ಆಲೋಚನೆ ಇದ್ದರೆ ಉಳಿದ ವಿವರಗಳನ್ನು ಇಲ್ಲಿ ಹಾಕಬೇಡಿ.

ಸಾಗರದ ತೋಟಗಾರ

ಮೇಷ್ಟರೇ, ಎಚ್ಚರಿಸಿದ್ದು ಒಳ್ಳೆಯದಾಯಿತು. ಆದರೆ ನಾನು ಹಕ್ಕು ಕಟ್ಟಿಕೊಳ್ಳಲು ಹೊರಟವನಲ್ಲ. ನಮ್ಮ ರಸ್ತೆಗಳಲ್ಲಿ ಬೈಕಿನವರು ಪಿಕಪ್ಪಿನ ಹಿಂದೆಯೇ ಬರುತ್ತಾರೆ. ತಿರುವಿನಲ್ಲಿ ಒಂದು ಕ್ರೇಟು ಜಾರಿದರೆ ಬೀಳುವುದು ಅವರ ಮೇಲೆ. ಯಾರು ಬೇಕಾದರೂ ಮಾಡಿಕೊಳ್ಳಲಿ, ಯಾವ ಗ್ಯಾರೇಜಿನಲ್ಲಾದರೂ ಬಗ್ಗಿಸಲಿ. ಅದಕ್ಕಾಗಿಯೇ ಅಳತೆ ಪೂರ್ತಿ ಬರೆಯುತ್ತೇನೆ.

ರಾಡು 8 ಮಿ.ಮೀ. ನುಣುಪು ಉಕ್ಕು, ಒಳವ್ಯಾಸ 36, ಕಣ್ಣಿಗೆ ಬೆಸುಗೆ, ಜಿಂಕ್ ಲೇಪನ. ನಾಲಗೆ ಕಪ್ಪು ಅಸಿಟಾಲ್, ಉದ್ದ 50, ಅಗಲ 15, ಬುಡದಲ್ಲಿ 3, ತುದಿಯಲ್ಲಿ 1.5, ಬುಡದ ಮೂಲೆಗೆ 2ರ ತ್ರಿಜ್ಯ. ಬಾಯಿ 26. ರಾಡಿನ ಮೇಲೆ ಕೆಂಪು ಪಟ್ಟಿ.

ಪರೀಕ್ಷೆಗೆ ಜಗಲಿಯ ತೊಲೆಗೆ ಪೈಪು ಕಟ್ಟಿ, 20 ಲೀಟರಿನ ಎರಡು ಕ್ಯಾನು ನೀರು ತೂಗುಹಾಕಿ ರಾತ್ರಿಯಿಡೀ ಬಿಡುವುದು. ಬೆಳಿಗ್ಗೆ ರಾಡಿನ ಬಾಯಿ ಅಳೆದು, ಹಿಂದಿನ ಅಳತೆಯೊಂದಿಗೆ ಹೋಲಿಸುವುದು. ನಾಲಗೆಗೆ ಭಾರವಿಲ್ಲ; ಅದನ್ನು ವಾರ ನೀರಿನಲ್ಲಿ ನೆನೆಸಿ, ವಾರ ಬಿಸಿಲಿಗಿಟ್ಟು, ಎರಡೂ ಆದ ಮೇಲೆ ಮತ್ತೆ ಮತ್ತೆ ಬಗ್ಗಿಸಿ ಬುಡದಲ್ಲಿ ಬಿಳಿ ಗೆರೆ ಮೂಡುತ್ತದೆಯೇ ನೋಡುವುದು. ಚಾಲಕರೇ, ಇದರಲ್ಲಿ ಗೆದ್ದ ಕೊಕ್ಕೆಗಳನ್ನು ಮಾತ್ರ ನಿಮಗೆ ಕಳಿಸುತ್ತೇನೆ.

ತೀರ್ಥಹಳ್ಳಿಯ ಚಾಲಕ

ಕಳಿಸಿ. ಮೊದಲು ಖಾಲಿ ಕ್ರೇಟು ಕಟ್ಟಿ ಇಳಿಯುತ್ತೇನೆ, ಆಮೇಲೆ ತುಂಬಿದ್ದು. ಕೈಗವಸು ಹಾಕಿದ ಕೈಯಿಂದಲೂ ಕಿವಿ ಎತ್ತಲು ಆಗಬೇಕು, ಕಿವಿಯನ್ನು ಸ್ವಲ್ಪ ಅಗಲ ಮಾಡಿ.

ಹೊಸನಗರದ ನರ್ಸರಿಯವರು

ನನ್ನ ಓಮ್ನಿಯೊಳಗೆ ಹಾಕಿಸಿರುವುದು ಅರ್ಧ ಇಂಚಿನ ಪೈಪು, 21.3. ಅದಕ್ಕೆ ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕಬೇಕೇ ಸಾರ್?

ಭದ್ರಾವತಿಯ ನಿವೃತ್ತ ಉಪನ್ಯಾಸಕ

ಬೇಡ ತಾಯಿ. ಎಲ್ಲ ಅಳತೆಯನ್ನೂ ಒಂದೇ ಪ್ರಮಾಣದಲ್ಲಿ, ಅಂದರೆ 0.63ರಿಂದ ಗುಣಿಸಿ ಇಳಿಸಿ. ನಾಲಗೆ 32 ಉದ್ದ, ಬುಡ 1.9, ಬಾಗುವ ದೂರ 5. ಹಿಗ್ಗು ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಭಾರ ಹೊರುವ ಶಕ್ತಿ ಮಾತ್ರ ಅಳತೆಯ ವರ್ಗದಂತೆ ಇಳಿಯುತ್ತದೆ: ರಾಡು 5 ಆದಾಗ 35 ಕಿಲೋ ಇದ್ದದ್ದು 14ಕ್ಕೆ ಬರುತ್ತದೆ. ನಿಮ್ಮ ಸಸಿ ತಟ್ಟೆಗೆ ಅದು ಧಾರಾಳ. ಆ ಚಿಕ್ಕ ಕೊಕ್ಕೆಯ ಮೇಲೆ 14 ಎಂದೇ ಬರೆಸಿ.